ಮನೆ ಕಟ್ಟುವ ಸಾಲ, ಕೈಯಲ್ಲಿರುವ ಉಳಿತಾಯ, ಒಳಾಂಗಣದ ಖರ್ಚು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಲೆಕ್ಕಗಳೆಲ್ಲ ಒಂದೇ ಉದಾಹರಣೆಯ ಮೇಲೆ ನಿಂತಿವೆ. 30×40 ಸೈಟು ಈಗಾಗಲೇ ನಿಮ್ಮ ಹೆಸರಿನಲ್ಲಿದೆ, ಅದರ ಮೇಲೆ ಸಾಲವಿಲ್ಲ. ಕಟ್ಟುವುದು ನೆಲಮಹಡಿ ಮಾತ್ರ, ಎರಡು ಬೆಡ್‌ರೂಮು, 1,000 ಚದರಡಿ, ಅಂದರೆ 10 ಚದರ. ಮೆಟೀರಿಯಲ್ ಸಮೇತ ದರ ಚದರಡಿಗೆ 2,100 ರೂಪಾಯಿ, ಸಾಲದ ಬಡ್ಡಿ ಶೇ 8.5 ಎಂದು ಹಿಡಿದಿದ್ದೇವೆ. ನಿಮ್ಮೂರಿನ ದರ, ನಿಮ್ಮ ಬ್ಯಾಂಕಿನ ಬಡ್ಡಿ ಹಾಕಿಕೊಂಡು ಇದೇ ಲೆಕ್ಕ ಮತ್ತೆ ಮಾಡಿ.

ಕಾಂಟ್ರ್ಯಾಕ್ಟರ್ ಚದರಡಿಗೆ 2,100 ಅಂದಿದ್ದಾರೆ. 21 ಲಕ್ಷ ಇದ್ದರೆ ಮನೆ ಆಗುತ್ತದಲ್ಲ?

ಗೋಡೆ, ಮೋಲ್ಡು (ತಾರಸಿಯ ಕಾಂಕ್ರೀಟು), ಟೈಲ್ಸು, ಬಣ್ಣ ಆಗುತ್ತದೆ. ವಾಸಕ್ಕೆ ಹೋಗಲು ಆಗುವುದಿಲ್ಲ. ಆ ದರದೊಳಗೆ ಸಾಮಾನ್ಯವಾಗಿ ಸೇರದೇ ಇರುವುದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ನೋಡಿ:

ಮನೆ ಕಟ್ಟಡ: 21,00,000
ಸಂಪು, ಓವರ್‌ಹೆಡ್ ಟ್ಯಾಂಕು: 90,000
ಕಾಂಪೌಂಡು, ಗೇಟು: 1,60,000
ಪ್ಲಾನು, ಮಂಜೂರಾತಿ ಶುಲ್ಕ, ಸಾಲದ ಖರ್ಚು: 75,000
ಕರೆಂಟು, ನೀರು, ಒಳಚರಂಡಿ ಸಂಪರ್ಕ: 75,000
ಇಷ್ಟಕ್ಕೆ 25,00,000.
ವಾರ್ಡ್‌ರೋಬು, ಅಡುಗೆಮನೆ ಕಪಾಟು: 3,50,000
ಫ್ಯಾನು, ಲೈಟು, ಗೀಸರು, ಪರದೆ, ಮಂಚ, ಸೋಫಾ: 2,00,000
ಗೃಹಪ್ರವೇಶ: 1,00,000
ಕಟ್ಟಡದ 25 ಲಕ್ಷಕ್ಕೆ ಶೇ 10ರಂತೆ ಆಪತ್ತಿಗೆ ಮೀಸಲು: 2,50,000
ಒಟ್ಟು 34,00,000.

ಬೋರ್‌ವೆಲ್ ಕೊರೆಸಬೇಕಾದರೆ ಅದು ಬೇರೆ. ಎಷ್ಟು ಅಡಿಗೆ ನೀರು ಸಿಗುತ್ತದೆಂದು ಮೊದಲೇ ಹೇಳುವವರಿಲ್ಲ, ಹಾಗಾಗಿ ಈ ಪಟ್ಟಿಯಲ್ಲಿ ಸೇರಿಸಿಲ್ಲ. ಕಟ್ಟುವ ತಿಂಗಳುಗಳ ಮನೆ ಬಾಡಿಗೆ, ಸಾಲದ ಬಡ್ಡಿ ಸಂಬಳದಿಂದ ಹೋಗುವ ಖರ್ಚು. ಅದರ ಲೆಕ್ಕ ಮುಂದಿದೆ.

ಪ್ಲಾನಿನಲ್ಲಿ 1,000 ಚದರಡಿ ಇದೆ, ಬಿಲ್ಲಿನಲ್ಲಿ 1,220 ಬಂದಿದೆ. ಹೇಗೆ?

ಹೆಚ್ಚಿನ ಜಗಳ ಶುರುವಾಗುವುದೇ ಇಲ್ಲಿ. ನೀವು ಮನೆಯ ಒಳಗಿನ ಜಾಗ ಲೆಕ್ಕ ಹಾಕಿರುತ್ತೀರಿ. ಅವರು ಪೋರ್ಟಿಕೋ 120 ಚದರಡಿ, ತಾರಸಿಯ ಮೇಲಿನ ಮೆಟ್ಟಿಲ ಹೆಡ್‌ರೂಮು 100 ಚದರಡಿ ಸೇರಿಸಿರುತ್ತಾರೆ. 220 ಚದರಡಿ, 2,100ರಂತೆ 4,62,000 ರೂಪಾಯಿ. ಅವರದು ಮೋಸ ಎನ್ನಲೂ ಆಗುವುದಿಲ್ಲ, ಅಲ್ಲಿಯೂ ಮೋಲ್ಡು ಹಾಕಿರುತ್ತಾರೆ. ಆದರೆ ಮಾತು ಮೊದಲೇ ಆಗಿರಬೇಕು. ಕರಾರಿನಲ್ಲಿ ಪೋರ್ಟಿಕೋ, ಬಾಲ್ಕನಿ, ಹೆಡ್‌ರೂಮು, ಸಂಪು, ಸಜ್ಜಾ ಪ್ರತಿಯೊಂದನ್ನೂ ಹೆಸರಿಸಿ, ಪೂರ್ತಿ ದರವೋ ಅರ್ಧ ದರವೋ ದರವೇ ಇಲ್ಲವೋ ಬರೆಸಿ. "ಎಲ್ಲ ಸೇರಿ" ಎಂಬ ಮಾತಿಗೆ ಕರಾರಿನಲ್ಲಿ ಜಾಗ ಕೊಡಬೇಡಿ.

ಜೊತೆಗೆ ಪಾಯದ ಆಳ ಎಷ್ಟು ಅಡಿಯವರೆಗೆ ದರದೊಳಗೆ ಬರುತ್ತದೆ, ರಸ್ತೆಯಿಂದ ಎಷ್ಟು ಎತ್ತರಕ್ಕೆ ಮಣ್ಣು ತುಂಬಿಸುತ್ತಾರೆ, ಟೈಲ್ಸಿಗೆ ಚದರಡಿಗೆ ಎಷ್ಟು ರೂಪಾಯಿ ಹಿಡಿದಿದ್ದಾರೆ, ಬಾಗಿಲು ತೇಗವೋ ಹೊನ್ನೆಯೋ, ವೈರು ಮತ್ತು ಪೈಪಿನ ಕಂಪನಿ ಯಾವುದು, ಇವೂ ಇರಲಿ. ಟೈಲ್ಸಿಗೆ ಅವರು 45 ಹಿಡಿದಿದ್ದು ನಿಮಗೆ 80ರದ್ದು ಹಿಡಿಸಿತು ಅಂದರೆ, 880 ಚದರಡಿಗೆ 30,800 ರೂಪಾಯಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಮೆಟೀರಿಯಲ್ ಸಮೇತ ಕೊಡುವುದು ವಾಸಿಯೋ, ಲೇಬರ್ ಕಾಂಟ್ರ್ಯಾಕ್ಟೋ?

ದಿನಾ ಸೈಟಿಗೆ ಹೋಗಿ ನಿಲ್ಲುವವರು ಮನೆಯಲ್ಲಿ ಒಬ್ಬರಾದರೂ ಇದ್ದರೆ ಲೇಬರ್ ಕೊಟ್ಟು ಸಾಮಾನು ನೀವೇ ತರಿಸಿ. ಇಲ್ಲದಿದ್ದರೆ ಬೇಡ. ಸಿಮೆಂಟು ಬಂದಿಲ್ಲವೆಂದು ಎಂಟು ಜನ ಗಾರೆಯವರು ಒಂದು ದಿನ ಕೂತರೆ ಉಳಿಸಿದ್ದು ಅಲ್ಲಿಗೇ ಸರಿಹೋಗುತ್ತದೆ.

ಸಾಮಾನು ನೀವೇ ತರಿಸುವುದಾದರೆ ಒಟ್ಟು ಎಷ್ಟು ಬೇಕೆಂಬ ಅಂದಾಜು ಕೈಯಲ್ಲಿರಲಿ. 1,000 ಚದರಡಿಯ ಮಾಮೂಲಿ ನೆಲಮಹಡಿ ಮನೆಗೆ 50 ಕಿಲೋದ ಸಿಮೆಂಟ್ ಚೀಲ 400ರಿಂದ 450, ಕಬ್ಬಿಣ ಮೂರೂವರೆಯಿಂದ ನಾಲ್ಕೂವರೆ ಟನ್. 16×8 ಇಂಚಿನ ಸಾಲಿಡ್ ಬ್ಲಾಕು ನೂರು ಚದರಡಿ ಗೋಡೆಗೆ ಸುಮಾರು 112 ಹೋಗುತ್ತದೆ. ಮಳೆಗಾಲದಲ್ಲಿ ಒಮ್ಮೆಗೇ 200 ಚೀಲ ಇಳಿಸಬೇಡಿ. ನೆಲದ ತೇವ ಎಳೆದು ಅಡಿಯ ಸಾಲು ಗಟ್ಟಿಯಾಗುತ್ತದೆ. ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರಕ್ಕೆ ಜೋಡಿಸಿ, ಎರಡು ವಾರಕ್ಕೆ ಆಗುವಷ್ಟೇ ತರಿಸಿ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ಕೊಟೇಶನ್ನಿನ ದರವನ್ನೇ ತೋರಿಸಿದರೆ ಈ ಮಾತು ಎತ್ತಿ.

ಬ್ಯಾಂಕು ಎಷ್ಟು ಸಾಲ ಕೊಡುತ್ತದೆ?

ಎರಡು ಮಿತಿಗಳಿವೆ, ಯಾವುದು ಕಡಿಮೆಯೋ ಅದು. ಮೊದಲನೆಯದು ಆಸ್ತಿಯದು. ಆರ್‌ಬಿಐ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಬೆಲೆಯ ಗರಿಷ್ಠ ಶೇ 90, 30ರಿಂದ 75 ಲಕ್ಷಕ್ಕೆ ಶೇ 80, ಅದರ ಮೇಲೆ ಶೇ 75. ಇದು ಮೇಲಿನ ಗಡಿ. ಕೊಡಲೇಬೇಕೆಂದೇನೂ ಇಲ್ಲ. ಸ್ವಂತ ಸೈಟಿನ ಮೇಲೆ ಕಟ್ಟುವಾಗ ಎಂಜಿನಿಯರ್ ಎಸ್ಟಿಮೇಟಿನ ಶೇ 80 ಸಿಗುತ್ತದೆಂದು ಯೋಜನೆ ಹಾಕಿ, ಹೆಚ್ಚು ಸಿಕ್ಕರೆ ಒಳ್ಳೆಯದು. ಸೈಟಿನ ಬೆಲೆಯನ್ನು ನಿಮ್ಮ ಪಾಲು ಎಂದು ಹಿಡಿಯುತ್ತಾರೋ ಇಲ್ಲವೋ ಅರ್ಜಿ ಹಾಕುವ ಮೊದಲೇ ಕೇಳಿ. ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಪದ್ಧತಿ.

ಎರಡನೆಯದು ಸಂಬಳದ್ದು. ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧದ ಹತ್ತಿರದವರೆಗೂ ಬ್ಯಾಂಕು ಒಪ್ಪಬಹುದು. ಬೈಕು, ಮೊಬೈಲು, ಚಿನ್ನದ ಸಾಲ ಎಲ್ಲವೂ ಸೇರಿ ಕೈಗೆ ಬರುವ ಸಂಬಳದ ಶೇ 35 ದಾಟಬಾರದು ಎಂಬುದು ನಮ್ಮ ಸಲಹೆ.

ನಮ್ಮ ಉದಾಹರಣೆಯಲ್ಲಿ 25 ಲಕ್ಷದ ಎಸ್ಟಿಮೇಟಿಗೆ 20 ಲಕ್ಷ ಸಾಲ. ಒಟ್ಟು 34 ಲಕ್ಷದಲ್ಲಿ ಉಳಿದ 14 ಲಕ್ಷ ನಿಮ್ಮದೇ. ಅದನ್ನು ಮೂರು ಗಂಟು ಮಾಡಿ: ಕಟ್ಟಡಕ್ಕೆ ನಿಮ್ಮ ಪಾಲು 5 ಲಕ್ಷ, ಆಪತ್ತಿಗೆ ಎರಡೂವರೆ ಲಕ್ಷ, ಒಳಾಂಗಣ ಮತ್ತು ಗೃಹಪ್ರವೇಶಕ್ಕೆ ಆರೂವರೆ ಲಕ್ಷ. ಮೂರನ್ನೂ ಒಂದೇ ಉಳಿತಾಯ ಖಾತೆಯಲ್ಲಿ ಇಟ್ಟರೆ ಮೋಲ್ಡಿನ ಹೊತ್ತಿಗೆ ಮೂರನೆಯ ಗಂಟು ಕರಗಿರುತ್ತದೆ.

ಎಸ್ಟಿಮೇಟನ್ನೇ 32 ಲಕ್ಷಕ್ಕೆ ಏರಿಸಿದರೆ ಹೆಚ್ಚು ಸಾಲ ಸಿಗುವುದಿಲ್ಲವೇ?

ಕಾಗದದ ಮೇಲೆ ಮಂಜೂರಾಗಬಹುದು, ಕೈಗೆ ಬರುವುದು ಕಷ್ಟ. ಎಸ್ಟಿಮೇಟ್ ಏರಿದರೆ ನಿಮ್ಮ ಪಾಲೂ ಏರುತ್ತದೆ. ಮೊದಲು ಅಷ್ಟು ಖರ್ಚು ಮಾಡಿದ್ದನ್ನು ತೋರಿಸಿ ಎನ್ನುತ್ತಾರೆ. ಪ್ರತಿ ಹಂತದಲ್ಲೂ ಬ್ಯಾಂಕಿನ ವ್ಯಾಲ್ಯೂಯರ್ ಬಂದು ಅಳತೆ ಮಾಡುತ್ತಾನೆ, ಅಷ್ಟು ಕೆಲಸ ಕಾಣದಿದ್ದರೆ ಕಂತು ನಿಲ್ಲುತ್ತದೆ. ಗೋಡೆ ಎದ್ದ ಮೇಲೆ ದುಡ್ಡು ನಿಂತರೆ ಅನುಭವಿಸುವವರು ನೀವು.

ಯಾವ ಕಾಗದ ಬೇಕು?

ಕ್ರಯಪತ್ರ ಮತ್ತು ಅದಕ್ಕೂ ಹಿಂದಿನ ಮೂಲಪತ್ರಗಳು, ಇ-ಖಾತಾ, ಋಣಭಾರ ಪತ್ರ, ಈ ವರ್ಷದ ಕಂದಾಯದ ರಸೀದಿ, ಭೂಪರಿವರ್ತನೆ ಆದೇಶ, ಬಡಾವಣೆಯ ಮಂಜೂರಾತಿ, ಕಟ್ಟಡದ ಮಂಜೂರಾದ ನಕ್ಷೆ, ಎಂಜಿನಿಯರ್ ಸಹಿಯ ಎಸ್ಟಿಮೇಟು. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ಬಿ-ಖಾತಾ (ನಿಯಮಬದ್ಧವಲ್ಲದ ಆಸ್ತಿಗೆ ಕೊಡುವ ಖಾತಾ) ಇದ್ದರೆ ಪ್ಲಾನಿಗೆ ದುಡ್ಡು ಸುರಿಯುವ ಮೊದಲು ಬ್ಯಾಂಕಿನ ಬಾಯಿಂದ ಉತ್ತರ ಪಡೆಯಿರಿ.

ಕೆಲಸ ಕೆಡುವುದು ಸಣ್ಣ ಸಂಗತಿಯಲ್ಲಿ. ಕ್ರಯಪತ್ರದಲ್ಲಿ ಅಪ್ಪನ ಹೆಸರು ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ. ಪತ್ರದಲ್ಲಿ 30×40, ಖಾತೆಯಲ್ಲಿ 29×40. ತಿದ್ದುಪಡಿಗೆ ಓಡಾಡುವಷ್ಟರಲ್ಲಿ ಎರಡು ತಿಂಗಳು ಹೋಗುತ್ತದೆ, ಪಾಯಕ್ಕೆ ಗೊತ್ತುಮಾಡಿದ ಮುಹೂರ್ತ ತಪ್ಪುತ್ತದೆ. ಮುಹೂರ್ತ ಕೇಳುವುದಕ್ಕೆ ಮೊದಲು ವಕೀಲರ ಅಭಿಪ್ರಾಯ ಕೈಗೆ ಬಂದಿರಲಿ.

ಸಾಲ ಮಂಜೂರಾಗಿದೆ, ಆದರೆ ದುಡ್ಡು ಬಂದಿಲ್ಲ. ಪಾಯಕ್ಕೆ ಯಾರು ಕೊಡಬೇಕು?

ನೀವೇ. ಮೊದಲು ನಿಮ್ಮ ಪಾಲಿನ ಹಣ ನೆಲಕ್ಕೆ ಹೋಗಬೇಕು, ಆಮೇಲೆ ಬ್ಯಾಂಕಿನದು ಎಂಬುದೇ ಹೆಚ್ಚಿನ ಕಡೆ ಪದ್ಧತಿ. ಆಮೇಲೆ ಬರುವುದೂ ಹಂತ ಹಂತವಾಗಿ: ಪಾಯ ಮತ್ತು ಪ್ಲಿಂತ್ (ನೆಲಮಟ್ಟ), ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ತೊಲೆ), ಮೋಲ್ಡು, ಪ್ಲಾಸ್ಟರಿಂಗ್, ಕೊನೆಯದು ಫಿನಿಶಿಂಗಿಗೆ.

ಕಾಂಟ್ರ್ಯಾಕ್ಟರಿಗೆ ಹಂತ ಶುರುವಾಗುವ ಮೊದಲು ದುಡ್ಡು ಬೇಕು. ಬ್ಯಾಂಕು ಕೊಡುವುದು ಹಂತ ಮುಗಿದ ಮೇಲೆ. ಈ ನಡುವಿನ ಎರಡು ಮೂರು ವಾರದ ಕಂದಕದಲ್ಲೇ ಎಷ್ಟೋ ಮನೆಗಳು ಕೈಸಾಲಕ್ಕೆ ಬೀಳುತ್ತವೆ. ಮೋಲ್ಡಿನ ವಾರವನ್ನೇ ನೋಡಿ: ಕಬ್ಬಿಣ ಒಮ್ಮೆಗೇ ಬರಬೇಕು, ಸೆಂಟ್ರಿಂಗಿನವರಿಗೆ ಮುಂಗಡ, ರೆಡಿಮಿಕ್ಸ್ ಆದರೆ ಗಾಡಿ ಬರುವ ಮೊದಲೇ ಪಾವತಿ. ಬ್ಯಾಂಕಿನ ಮೋಲ್ಡ್ ಕಂತು ಬರುವುದು ಕಾಂಕ್ರೀಟು ಬಿದ್ದ ಮೇಲೆ, ಫೋಟೋ ತೆಗೆದು, ವ್ಯಾಲ್ಯೂಯರ್ ವರದಿ ಕೊಟ್ಟ ಮೇಲೆ. ಆಪತ್ತಿನ ಎರಡೂವರೆ ಲಕ್ಷ ಇಲ್ಲಿ ಕೈಬದಲು ಹಣವಾಗಿ ಓಡಾಡುತ್ತದೆ. ಕಂತು ಬಂದ ದಿನವೇ ಅದನ್ನು ಮತ್ತೆ ತುಂಬಿಸಿಡಿ.

ಎರಡು ಕೆಲಸ ಮಾಡಿ. ಸಾಲದ ಕರಾರಿಗೆ ಸಹಿ ಹಾಕುವ ಮೊದಲೇ ಬ್ಯಾಂಕಿನ ಹಂತಗಳ ಪಟ್ಟಿ ಕೇಳಿ ತನ್ನಿ, ಕಾಂಟ್ರ್ಯಾಕ್ಟರ್ ಜೊತೆಗಿನ ಪಾವತಿಯ ಹಂತಗಳನ್ನೂ ಅದಕ್ಕೆ ಹೊಂದಿಸಿ ಬರೆಸಿ. ಪ್ರತಿ ಹಂತ ಮುಗಿಯಲು ನಾಲ್ಕೈದು ದಿನ ಇರುವಾಗಲೇ ಎಂಜಿನಿಯರ್ ಸರ್ಟಿಫಿಕೇಟು ತಯಾರು ಮಾಡಿಸಿ, ವ್ಯಾಲ್ಯೂಯರಿಗೆ ಫೋನ್ ಮಾಡಿ.

ಕಾಂಟ್ರ್ಯಾಕ್ಟರಿಗೆ ಮುಂಗಡ ಶೇ 10 ಮೀರದಿರಲಿ. ಕೊನೆಯ ಶೇ 5 ಮನೆ ಕೈಗೆ ಬಂದು ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ. ತಾರಸಿ ಸೋರುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ.

ಮನೆ ಮುಗಿಯುವ ಮೊದಲೇ ಕಂತು ಕಟ್ಟಬೇಕೇ?

ಪೂರ್ತಿ ಕಂತಲ್ಲ, ಬಿಡುಗಡೆಯಾದ ಹಣಕ್ಕೆ ಬಡ್ಡಿ. ಇದಕ್ಕೆ ಪ್ರೀ-ಇಎಂಐ ಎನ್ನುತ್ತಾರೆ. ಅಸಲು ಇದರಿಂದ ಒಂದು ರೂಪಾಯಿಯೂ ಇಳಿಯುವುದಿಲ್ಲ.

20 ಲಕ್ಷ ನಾಲ್ಕು ಸಲ ಐದೈದು ಲಕ್ಷದಂತೆ, ಒಂದನೇ, ಮೂರನೇ, ಐದನೇ, ಎಂಟನೇ ತಿಂಗಳ ಆರಂಭದಲ್ಲಿ ಬಂತೆನ್ನಿ. ತಿಂಗಳ ಬಡ್ಡಿ ಮೊದಲು 3,542, ಆಮೇಲೆ 7,083, 10,625, ಕೊನೆಗೆ 14,167 ರೂಪಾಯಿ. ಹತ್ತು ತಿಂಗಳಲ್ಲಿ ಒಟ್ಟು ಸುಮಾರು 95,600. ಕೈಗೆ ಬರುವ ಸಂಬಳ 60,000, ಬಾಡಿಗೆ 12,000 ಇದ್ದರೆ ಕೊನೆಯ ಮೂರು ತಿಂಗಳು ಬಾಡಿಗೆ, ಬಡ್ಡಿ ಸೇರಿ 26,167 ರೂಪಾಯಿ ಹೋಗುತ್ತದೆ. ಮನೆಗೆ ಹೋದ ಮೇಲಿನ ಕಂತಿಗಿಂತ ಈ ಮೂರು ತಿಂಗಳೇ ಹೆಚ್ಚು ಭಾರ.

ಕೆಲಸ ಆರು ತಿಂಗಳು ಎಳೆದರೆ? ಬಡ್ಡಿ 85,000, ಬಾಡಿಗೆ 72,000, ಒಟ್ಟು 1,57,000. ಬಾಗಿಲಿನ ಡಿಸೈನು ಮೂರು ಸಲ ಬದಲಿಸುವ ಮೊದಲು ಈ ಅಂಕಿ ನೆನಪಿರಲಿ.

ಹಣ ನಿಜವಾಗಿ ಬಿಡುಗಡೆಯಾದ ದಿನದಿಂದ ಮಾತ್ರ ಬಡ್ಡಿ ಹಾಕಬೇಕೆಂದು ಆರ್‌ಬಿಐ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ. ಮಂಜೂರಾದ ದಿನದಿಂದಲೋ, ಚೆಕ್ಕು ಬರೆದು ಡ್ರಾಯರ್‌ನಲ್ಲಿಟ್ಟ ದಿನದಿಂದಲೋ ಬಡ್ಡಿ ಬಿದ್ದಿದ್ದರೆ ಲಿಖಿತವಾಗಿ ಪ್ರಶ್ನಿಸಿ.

15 ವರ್ಷವೋ, 20 ವರ್ಷವೋ?

20 ಲಕ್ಷಕ್ಕೆ 20 ವರ್ಷವಾದರೆ ಕಂತು 17,356 ರೂಪಾಯಿ, ಒಟ್ಟು ಬಡ್ಡಿ 21.65 ಲಕ್ಷ. 15 ವರ್ಷವಾದರೆ ಕಂತು 19,695, ಬಡ್ಡಿ 15.45 ಲಕ್ಷ. ತಿಂಗಳಿಗೆ 2,339 ಹೆಚ್ಚು ಕಟ್ಟಿದರೆ ಆರು ಲಕ್ಷದ ಮೇಲೆ ಉಳಿಯುತ್ತದೆ.

ಆದರೂ ಒಂದೇ ಸಂಬಳದ ಮನೆಯವರಿಗೆ 20 ವರ್ಷವನ್ನೇ ಹೇಳುತ್ತೇವೆ. ಉದ್ದ ಅವಧಿ ತೆಗೆದುಕೊಂಡು ಕೈಯಲ್ಲಿದ್ದಾಗ ಹೆಚ್ಚು ಕಟ್ಟಬಹುದು. ಗಿಡ್ಡ ಅವಧಿ ತೆಗೆದುಕೊಂಡು ಕಷ್ಟ ಬಂದಾಗ ಕಡಿಮೆ ಕಟ್ಟುತ್ತೇನೆ ಅಂದರೆ ಬ್ಯಾಂಕು ಅಷ್ಟು ಸುಲಭವಾಗಿ ಕೇಳುವುದಿಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಎರಡು ವರ್ಷ ಕಟ್ಟಿದ ಮೇಲೆ ಬೋನಸ್ಸಿನ ಒಂದು ಲಕ್ಷ ಅಸಲಿಗೆ ಕಟ್ಟಿ, ಕಂತು ಅಷ್ಟೇ ಇರಲಿ ಎಂದು ಬರೆದುಕೊಟ್ಟರೆ ಸಾಲ 24 ತಿಂಗಳು ಬೇಗ ಮುಗಿಯುತ್ತದೆ, ಸುಮಾರು 3.2 ಲಕ್ಷ ಬಡ್ಡಿ ಉಳಿಯುತ್ತದೆ. ಮೊದಲ ಕಂತಿನ 17,356ರಲ್ಲಿ 14,167 ಬಡ್ಡಿಗೇ ಹೋಗುವುದರಿಂದ ಹೆಚ್ಚುವರಿ ಹಣ ಶುರುವಿನ ವರ್ಷಗಳಲ್ಲಿ ಕಟ್ಟಿದಷ್ಟೂ ಲಾಭ.

ಬಡ್ಡಿ ದರ ಏರಿದರೆ ಏನಾಗುತ್ತದೆ?

2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲ ರೆಪೋದಂಥ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ದರಕ್ಕೆ ಜೋಡಿಸಿದ್ದು. ದರ ಅರ್ಧ ಶೇಕಡ ಏರಿ 9 ಆಯಿತೆನ್ನಿ. ಕಂತು 17,995 ಆಗಬೇಕು. ಕಂತು ಹಾಗೇ ಬಿಟ್ಟು ಅವಧಿ ಎಳೆದರೆ 240 ಇದ್ದದ್ದು 267 ತಿಂಗಳ ಮೇಲೆ ಹೋಗುತ್ತದೆ, ನಿಮಗೆ ತಿಳಿಯುವುದೂ ಇಲ್ಲ. ಕಂತು ಏರಿಸಬೇಕೋ ಅವಧಿಯೋ ಎಂದು ಗ್ರಾಹಕರನ್ನು ಕೇಳಬೇಕೆಂಬ ಆರ್‌ಬಿಐ ಸೂಚನೆ 2023ರಿಂದ ಇದೆ. 639 ರೂಪಾಯಿ ಹೆಚ್ಚು ಕಟ್ಟುವ ಶಕ್ತಿ ಇದ್ದರೆ ಕಂತು ಏರಿಸಿ ಎಂದು ಬರೆದುಕೊಡಿ.

ನಮ್ಮ ಪಾಲಿನ 14 ಲಕ್ಷವನ್ನು ಎಲ್ಲಿ ಕೂಡಿಡಬೇಕು?

ಒಂದೂವರೆ ಎರಡು ವರ್ಷದೊಳಗೆ ಬೇಕಾಗುವ ಹಣ ಷೇರಿಗೂ ಇಕ್ವಿಟಿ ಫಂಡಿಗೂ ಬೇಡ. ಪೇಟೆ ಬಿದ್ದಿದೆಯೆಂದು ಮೋಲ್ಡನ್ನು ಮುಂದೂಡಲು ಆಗುವುದಿಲ್ಲ. ಆರ್‌ಡಿ ಮತ್ತು ಸಣ್ಣ ಸಣ್ಣ ಎಫ್‌ಡಿ ಸಾಕು. 5 ಲಕ್ಷದ್ದೊಂದು ಎಫ್‌ಡಿ ಮಾಡುವ ಬದಲು ಲಕ್ಷದ ಐದು ಮಾಡಿ, ಬೇಕಾದಾಗ ಒಂದನ್ನೇ ಮುರಿಯಬಹುದು.

ಚೀಟಿ ಹಾಕಿರುವವರು ನೋಂದಾಯಿತ ಚೀಟಿಯೋ ಎಂದು ಮೊದಲು ನೋಡಿಕೊಳ್ಳಿ. ನಿಮಗೆ ಪಾಯದ ತಿಂಗಳಲ್ಲೇ ದುಡ್ಡು ಬೇಕು, ಅಂದರೆ ಹರಾಜಿನಲ್ಲಿ ಹೆಚ್ಚು ಬಿಟ್ಟು ಕೂಗಬೇಕಾಗುತ್ತದೆ. 5 ಲಕ್ಷದ ಚೀಟಿ ಎಂದು ಬಜೆಟ್ಟಿನಲ್ಲಿ 5 ಲಕ್ಷ ಬರೆಯಬೇಡಿ. ಪಿಎಫ್‌ನಿಂದ ಮನೆ ಕಟ್ಟಲು ಹಣ ತೆಗೆಯಬಹುದು, ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ (ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯ ಮೇಲೆ ಸಾಲ ಸಿಗುತ್ತದೆ. ಒಡವೆ ಇಟ್ಟು ಸಾಲ ತೆಗೆಯುವುದು ಎರಡು ಕಂತುಗಳ ನಡುವಿನ ಕಂದಕ ದಾಟಲು ಮಾತ್ರ.

ಕಟ್ಟಲು ಇನ್ನೂ ವರ್ಷವಿದೆ ಎನ್ನುವವರು ಈಗಿನಿಂದಲೇ ಪ್ರತಿ ತಿಂಗಳ ಐದನೇ ತಾರೀಖು 17,356 ರೂಪಾಯಿ ಆರ್‌ಡಿಗೆ ಹಾಕಿ ನೋಡಿ. ಮೂರನೇ ತಿಂಗಳಲ್ಲೇ ಉಸಿರುಗಟ್ಟಿದರೆ ಮನೆಯ ಅಳತೆ ಇಳಿಸಬೇಕು.

ಸಾಲದ ಜೊತೆ ವಿಮೆ ತೆಗೆದುಕೊಳ್ಳಲೇಬೇಕು ಅನ್ನುತ್ತಾರಲ್ಲ?

ಸಾಲಕ್ಕೆ ಜೀವವಿಮೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ. ವಿಮೆ ಬೇಕು, ಅದು ಬೇರೆ ಮಾತು. ಒಂದೇ ಸಲದ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿದರೆ ಅದಕ್ಕೂ 20 ವರ್ಷ ಬಡ್ಡಿ ಕಟ್ಟುತ್ತೀರಿ. ಅಷ್ಟೇ ಮೊತ್ತದ ಟರ್ಮ್ ಪಾಲಿಸಿಯ ದರ ವಿಚಾರಿಸಿ ಹೋಲಿಸಿ. 2024ರ ಅಕ್ಟೋಬರ್‌ನಿಂದ ಸಾಲದ ಮುಖ್ಯಾಂಶಗಳ ಪತ್ರ ಕೊಡುವುದು ಕಡ್ಡಾಯ. ಪ್ರೊಸೆಸಿಂಗ್, ಕಾನೂನು ಅಭಿಪ್ರಾಯ, ವಿಮೆ ಸೇರಿ ಬಡ್ಡಿ ನಿಜಕ್ಕೂ ಎಷ್ಟು ಬೀಳುತ್ತದೆ ಎಂಬ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸುವಾಗ ಆ ಸಾಲು ನೋಡಿ.

ಸರ್ಕಾರದ ಸಹಾಯಧನ, ತೆರಿಗೆ ವಿನಾಯಿತಿ?

ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಬಡ್ಡಿ ಸಹಾಯಧನವಿದೆ. ಕುಟುಂಬದ ವರ್ಷದ ಆದಾಯ 9 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ ಇರಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸಿಗುವುದು ಗರಿಷ್ಠ 1.8 ಲಕ್ಷ, ಅದೂ ಐದು ವಾರ್ಷಿಕ ಕಂತುಗಳಲ್ಲಿ. ಬಂದರೆ ಅಸಲಿಗೆ ಹೋಗಲಿ, ಕಟ್ಟಡದ ಬಜೆಟ್ಟಿನಲ್ಲಿ ಬರೆಯಬೇಡಿ.

ತೆರಿಗೆಯ ಲಾಭ, ವಾಸದ ಮನೆಗೆ, ಹಳೆಯ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ: ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ, ಅಸಲಿಗೆ ಇತರ ಉಳಿತಾಯವೂ ಸೇರಿ ಒಂದೂವರೆ ಲಕ್ಷದವರೆಗೆ. ಸಾಲ ತೆಗೆದ ಹಣಕಾಸು ವರ್ಷ ಮುಗಿದು ಐದು ವರ್ಷದೊಳಗೆ ಮನೆ ಪೂರ್ಣವಾಗದಿದ್ದರೆ ಬಡ್ಡಿಯ ಮಿತಿ 30,000ಕ್ಕೆ ಇಳಿಯುತ್ತದೆ. ಕಟ್ಟುವಾಗ ತೆತ್ತ ಬಡ್ಡಿಯನ್ನು ಮನೆ ಮುಗಿದ ವರ್ಷದಿಂದ ಐದು ಸಮ ಭಾಗಗಳಲ್ಲಿ, ಅದೇ 2 ಲಕ್ಷದ ಮಿತಿಯೊಳಗೆ ತೋರಿಸಬಹುದು. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ವರ್ಷವರ್ಷವೂ ತೆಗೆದಿಡಿ.

ಬಜೆಟ್ಟು ಯಾವ ಹಂತದಲ್ಲಿ ಹಳಿ ತಪ್ಪುತ್ತದೆ?

ನೆಲದ ಕೆಳಗೆ, ಮತ್ತು ಟೈಲ್ಸ್ ಅಂಗಡಿಯಲ್ಲಿ.

ಧಾರವಾಡ, ಗದಗ, ಕಲಬುರಗಿ ಕಡೆಯ ಎರೆ ಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅಲ್ಲಿ ಗಟ್ಟಿ ಪದರ ಸಿಗುವವರೆಗೆ ಇಳಿಯಬೇಕು, ಇಲ್ಲವೇ ಬೇರೆ ವಿನ್ಯಾಸದ ಪಾಯ ಬೇಕು. ಕೆಂಪು ಮಣ್ಣಿನ ಊರಿನ ದರ ಅಲ್ಲಿಗೆ ಹೊಂದುವುದಿಲ್ಲ. ಹಳೆಯ ಕೆರೆ ಅಂಗಳದ, ಮಣ್ಣು ತುಂಬಿಸಿದ ಬಡಾವಣೆಗಳದ್ದೂ ಇದೇ ಕಥೆ. ಎಸ್ಟಿಮೇಟಿಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕನಿಷ್ಠ ಪಕ್ಷ ಒಂದು ಮೂಲೆಯಲ್ಲಿ ಆರಡಿ ಗುಂಡಿ ತೋಡಿಸಿ ಎಂಜಿನಿಯರಿಗೆ ತೋರಿಸಿ. ಮಲೆನಾಡು, ಕರಾವಳಿಯಲ್ಲಿ ಜೂನ್ ಒಳಗೆ ಮೋಲ್ಡು ಆಗದಿದ್ದರೆ ಅಕ್ಟೋಬರ್‌ವರೆಗೆ ಕೆಲಸ ಕುಂಟುತ್ತದೆ, ಬಡ್ಡಿ ಮಾತ್ರ ಕುಂಟುವುದಿಲ್ಲ.

ಎಲ್ಲಿ ಕೈ ಬಿಗಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು?

ಗೋಡೆ ಒಡೆದು ಬದಲಿಸಬೇಕಾದ ಯಾವುದರಲ್ಲೂ ಉಳಿಸಬೇಡಿ: ಕಬ್ಬಿಣ, ವೈರು, ನೀರಿನ ಪೈಪು, ಬಚ್ಚಲಿನ ಮತ್ತು ತಾರಸಿಯ ವಾಟರ್‌ಪ್ರೂಫಿಂಗ್. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರು ಮತ್ತು ಎಸಿಗೆ 4 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದಿದ್ದಾರಾ ಎಂದು ಕೊಳವೆಯೊಳಗೆ ಹೋಗುವ ಮೊದಲೇ ನೋಡಿ. ಈಗ ಎಸಿ ಬೇಡವೆಂದರೂ ಪಾಯಿಂಟು ಬಿಡಿಸಿ. ನೀರುಣಿಸುವುದರಲ್ಲೂ ರಾಜಿ ಬೇಡ. ಪಿಪಿಸಿ (ಹಾರುಬೂದಿಯಂಥದ್ದು ಬೆರೆತ) ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಬೇಕು, ಇದಕ್ಕೆ ಖರ್ಚು ನೀರಿನದ್ದಷ್ಟೇ.

ಉಳಿಸಬಹುದಾದದ್ದು: ಫಾಲ್ಸ್ ಸೀಲಿಂಗ್, ಎಲಿವೇಶನ್ನಿನ ಕಲ್ಲು, ದುಬಾರಿ ನಲ್ಲಿ, ಎರಡನೇ ಬೆಡ್‌ರೂಮಿನ ವಾರ್ಡ್‌ರೋಬು, ಗೇಟಿನ ಚಿತ್ತಾರ. ಇವೆಲ್ಲ ಮೂರು ವರ್ಷ ಬಿಟ್ಟರೂ ಮಾಡಿಸಬಹುದು. 6×6×6 ಅಡಿಯ ಸಂಪು ಸುಮಾರು 6,100 ಲೀಟರ್ ಹಿಡಿಯುತ್ತದೆ, ನಾಲ್ಕು ಜನರ ಮನೆಗೆ ಸಾಕು.

ಟೈಲ್ಸು ಎಷ್ಟು ತರಬೇಕು?

800 ಚದರಡಿ ನೆಲಕ್ಕೆ ಶೇ 10 ಸೇರಿಸಿ 880. ಎರಡಡಿ ಚೌಕದ ಟೈಲು ನಾಲ್ಕಿರುವ ಡಬ್ಬಿ 16 ಚದರಡಿ, ಅಂದರೆ 55 ಡಬ್ಬಿ. ಎಲ್ಲ ಡಬ್ಬಿಗಳ ಮೇಲೂ ಒಂದೇ ಬ್ಯಾಚ್ ನಂಬರ್ ಇರಬೇಕು, ಇಲ್ಲದಿದ್ದರೆ ಹಾಲಿನ ನಡುವೆ ಬಣ್ಣದ ಗೆರೆ ಕಾಣುತ್ತದೆ. ಒಂದು ಡಬ್ಬಿ ಅಟ್ಟದಲ್ಲಿ ಉಳಿಸಿಡಿ.

ವಾರ್ಡ್‌ರೋಬಿಗೆ ಒಬ್ಬರು ಚದರಡಿಗೆ 1,100 ಅನ್ನುತ್ತಾರೆ, ಇನ್ನೊಬ್ಬರು 1,800. ಯಾರನ್ನು ನಂಬುವುದು?

ಮೊದಲು ಏನನ್ನು ಅಳೆಯುತ್ತಾರೆ ಕೇಳಿ. ಮುಂಭಾಗ ಮಾತ್ರ ಅಳೆದರೆ 6 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬು 42 ಚದರಡಿ. ಕೆಲವರು ಒಳಗಿನ ಹಲಗೆ, ಡ್ರಾಯರ್ ಬೇರೆ ಅಳೆಯುತ್ತಾರೆ. ಕಡಿಮೆ ದರದವರ ಬಿಲ್ಲು ಕೊನೆಗೆ ದೊಡ್ಡದಾಗುವುದು ಹೀಗೆ.

ಬಡಗಿಯ ಕೈಲಿ ಮಾಡಿಸುವುದಾದರೆ ಹಲಗೆಯ ಲೆಕ್ಕ ನೀವೇ ಹಾಕಬಹುದು. ಪ್ಲೈವುಡ್ ಹಾಳೆ 8×4 ಅಡಿ. ಎರಡಡಿ ಆಳದ ಈ ಪೆಟ್ಟಿಗೆಗೆ ಎರಡು ಪಕ್ಕ, ನಡುವೆ ಒಂದು, ಹೀಗೆ 7×2ರ ಮೂರು ತುಂಡು: ಒಂದೂವರೆ ಹಾಳೆ. ಮೇಲೆ, ಕೆಳಗೆ 6×2ರ ಎರಡು: ಒಂದು ಹಾಳೆ. 3×2ರ ಆರು ಅಡ್ಡಹಲಗೆಯಲ್ಲಿ ಎರಡು ಉಳಿದ ಅರ್ಧ ಹಾಳೆಯಲ್ಲಿ, ನಾಲ್ಕು ಹೊಸ ಹಾಳೆಯಲ್ಲಿ. ಒಂದೂವರೆ ಅಡಿ ಅಗಲದ ನಾಲ್ಕು ಬಾಗಿಲಿಗೆ ಎರಡು ಹಾಳೆ, ಅದರಲ್ಲಿ ಉಳಿಯುವ ಒಂದಡಿ ಪಟ್ಟಿಗಳು ಡ್ರಾಯರ್‌ಗೆ. ಒಟ್ಟು 18 ಮಿಲಿಮೀಟರಿನ 6 ಹಾಳೆ, ಬೆನ್ನಿಗೆ 6 ಮಿಲಿಮೀಟರಿನ 2 ಹಾಳೆ. ಒಂಬತ್ತು ಹತ್ತು ಕೇಳಿದರೆ ತುಂಡುಗಳನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ.

ಅಡುಗೆಮನೆಯ ಸಿಂಕಿನ ಕೆಳಗೆ ಐಎಸ್ 710 ಮುದ್ರೆಯ (ನೀರು ತಡೆಯುವ ಮರೀನ್ ದರ್ಜೆ) ಪ್ಲೈವುಡ್ಡೇ ಬೇಕು, ಬೆಡ್‌ರೂಮಿಗೆ ಐಎಸ್ 303 (ಸಾಮಾನ್ಯ ದರ್ಜೆ) ಸಾಕು. ಪಾರ್ಟಿಕಲ್ ಬೋರ್ಡು ಸಿಂಕಿನ ಸೋರಿಕೆಗೆ ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಕೀಲು, ಡ್ರಾಯರ್ ಚಾನೆಲ್ ಯಾವ ಕಂಪನಿಯದೆಂದು ಕೊಟೇಶನ್ನಿನಲ್ಲಿ ಬರೆಸಿ. ಅಳತೆ ತೆಗೆಯುವುದು ಟೈಲ್ಸು, ಪ್ಲಾಸ್ಟರಿಂಗ್ ಮುಗಿದ ಮೇಲೆ. ಬಣ್ಣದ ಕೊನೆಯ ಕೋಟು ಬಡಗಿ ಕೆಲಸ ಆದ ಮೇಲೆ.

ಒಳಾಂಗಣಕ್ಕೂ ಸಾಲ ತೆಗೆಯಬಹುದಾ?

ಸಿಗುತ್ತದೆ, ಸಿಗುವುದೇ ತೊಂದರೆ. ಗೃಹಸಾಲದ ಮೇಲೆ 3 ಲಕ್ಷ ಟಾಪ್-ಅಪ್ (ಅದೇ ಮನೆಯ ಮೇಲೆ ಹೆಚ್ಚುವರಿ ಸಾಲ) ಅನ್ನು ಇದೇ ದರದಲ್ಲಿ 20 ವರ್ಷಕ್ಕೆ ತೆಗೆದರೆ ತಿಂಗಳಿಗೆ 2,603 ಹಗುರ ಅನ್ನಿಸುತ್ತದೆ, ಕೊನೆಗೆ ಕಟ್ಟುವುದು 6.25 ಲಕ್ಷ. ಸೋಫಾ ಹರಿದು ಹೊರಗೆ ಹೋದ ಮೇಲೂ ಅದರ ಕಂತು ನಡೆಯುತ್ತದೆ. ಪರ್ಸನಲ್ ಲೋನ್ ಶೇ 14ಕ್ಕೆ ಮೂರು ವರ್ಷವಾದರೆ ಕಂತು 10,253, ಮನೆಯ ಕಂತಿನ ಜೊತೆ 27,600 ದಾಟುತ್ತದೆ. 60,000 ಸಂಬಳಕ್ಕೆ ಅದು ಆಗದ ಮಾತು. ತೆಗೆಯಲೇಬೇಕಾದರೆ ಅಡುಗೆಮನೆಗೆ ಮಾತ್ರ, ಐದು ವರ್ಷದೊಳಗೆ ತೀರುವಂತೆ.

ಗೃಹಪ್ರವೇಶಕ್ಕೆ ಮೊದಲು ನಿಜವಾಗಿ ಬೇಕಾದದ್ದು ಅಡುಗೆಮನೆಯ ಕೆಳ ಕಪಾಟು, ಒಂದು ವಾರ್ಡ್‌ರೋಬು, ಫ್ಯಾನು, ಲೈಟು, ಗೀಸರು, ಕಿಟಕಿಗೆ ಸೊಳ್ಳೆ ಜಾಲರಿ. ನೆಂಟರು ಬರುತ್ತಾರೆಂದು ಟಿವಿ ಯೂನಿಟ್ಟು ಮಾಡಿಸುವುದು ನಿಮ್ಮಿಷ್ಟ.

ಅರ್ಧದಲ್ಲಿ ದುಡ್ಡು ಮುಗಿದಿದೆ. ಈಗ?

ಮೋಲ್ಡು ಆಗಿದ್ದರೆ ಹೆದರಬೇಡಿ. ಉಳಿದ ಕೆಲಸವನ್ನು ಎರಡು ಭಾಗ ಮಾಡಿ: ವಾಸಕ್ಕೆ ಹೋಗಲು ಬೇಕಾದದ್ದು, ಹೋದ ಮೇಲೆ ಮಾಡಬಹುದಾದದ್ದು. ಬಾಗಿಲು, ಕಿಟಕಿ, ಒಂದು ಬಚ್ಚಲು, ಅಡುಗೆಮನೆ, ವೈರಿಂಗ್, ನೆಲ ಮುಗಿಸಿ ಒಳಗೆ ಹೋದರೆ ಬಾಡಿಗೆಯ 12,000 ಆ ತಿಂಗಳಿಂದಲೇ ಉಳಿಯುತ್ತದೆ. ಹೊರಗೋಡೆಗೆ ಪ್ಲಾಸ್ಟರ್ ಮತ್ತು ಪ್ರೈಮರ್ ಆಗಿರಲಿ, ಬಣ್ಣ ಆಮೇಲೆ. ಸಾಲ ಹೆಚ್ಚಿಸಲು ಬ್ಯಾಂಕನ್ನು ಕೇಳುವುದಾದರೆ ಪರಿಷ್ಕೃತ ಎಸ್ಟಿಮೇಟು, ಈವರೆಗಿನ ಬಿಲ್ಲು ಹಿಡಿದು ಕೊನೆಯ ಕಂತು ಬಿಡುಗಡೆಗೆ ಮೊದಲೇ ಹೋಗಿ.

ಮೋಲ್ಡಿಗೂ ಮೊದಲೇ ಮುಗಿದಿದ್ದರೆ ಕೆಲಸ ನಿಲ್ಲಿಸಿ, ಹೊರಗೆ ಚಾಚಿದ ಕಂಬಿಗಳಿಗೆ ಸಿಮೆಂಟ್ ಹಾಲು ಬಳಿಸಿ, ಹಣ ಹೊಂದಿಸಿಕೊಂಡು ಮುಂದುವರಿಸಿ. ಮೀಟರ್ ಬಡ್ಡಿಯ ದುಡ್ಡು ತಂದು ಮೋಲ್ಡ್ ಹಾಕಬೇಡಿ.

ಸಾಲ ತೀರಿದ ಮೇಲೆ ಪತ್ರಗಳು ಯಾವಾಗ ಸಿಗುತ್ತವೆ?

ಪೂರ್ತಿ ತೀರಿಸಿದ 30 ದಿನದೊಳಗೆ. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ಆರ್‌ಬಿಐ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ತೆಗೆಯುವಾಗ ಕೊಟ್ಟ ಪತ್ರಗಳ ಪಟ್ಟಿಗೆ ಬ್ಯಾಂಕಿನ ಸೀಲು ಹಾಕಿಸಿಕೊಂಡಿದ್ದರೆ ತಾಳೆ ನೋಡಲು ಸುಲಭ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ನೋಂದಣಿ ಮಾಡಿಸಿದ್ದರೆ ಅದರ ಬಿಡುಗಡೆಯನ್ನೂ ನೋಂದಾಯಿಸಿ, ಹೊಸ ಋಣಭಾರ ಪತ್ರ ತೆಗೆದು ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿಕೊಳ್ಳಿ.